ಐಡ್ಲಿಂಗ್ ಸ್ಕ್ರೂವಿನ ಸರದಿ ಕೊನೆಯದು

ಸಿಗ್ನಲ್ ಬಳಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಳೆಯ ಮಾರುತಿ 800 ಒಮ್ಮೆ ಮೈ ಅದುರಿಸಿ ತೆಪ್ಪಗಾಗುತ್ತದೆ. ಹಿಂದಿನಿಂದ ಬಸ್ಸಿನ ಹಾರನ್, ಮತ್ತೆ ಕೀ ತಿರುಗಿಸುವ ಅವಸರ. ಗ್ಯಾರೇಜಿಗೆ ಒಯ್ದರೆ ಐದೇ ನಿಮಿಷದ ಕೆಲಸ. ಮೆಕ್ಯಾನಿಕ್ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಅರ್ಧ ಸುತ್ತು ತಿರುಗಿಸುತ್ತಾನೆ. ಎಂಜಿನ್ ದನಿ ಏರುತ್ತದೆ. ‘ಸ್ಲೋ ಜಾಸ್ತಿ ಮಾಡಿದೀನಿ ಸಾರ್, ಇನ್ನು ಆಫ್ ಆಗಲ್ಲ’ ಅನ್ನುತ್ತಾನೆ. ಆಗುವುದೂ ಇಲ್ಲ, ಒಂದೆರಡು ತಿಂಗಳು. ಆಮೇಲೆ ಮತ್ತೆ ಅದೇ ಕತೆ, ಮತ್ತೆ ಕಾಲು ಸುತ್ತು. ಹೀಗೆ ತಿರುಗಿ ತಿರುಗಿ ಆ ಸ್ಕ್ರೂ ಎಲ್ಲಿ ಶುರುವಾಗಿತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ. ಬೇರೆಲ್ಲವೂ ಸರಿಯಿರುವ ಎಂಜಿನ್ನಿಗೆ ಕೊನೆಯದಾಗಿ ಹದ ಹಿಡಿಯಲು ಇಟ್ಟ ಸ್ಕ್ರೂ ಅದು. ದೋಷವಿರುವ ಎಂಜಿನ್ನಿಗೆ ಅದನ್ನೇ ಮದ್ದಾಗಿ ಬಳಸಿದರೆ ಹಳೆಯ ದೋಷ ಇದ್ದಲ್ಲೇ ಉಳಿದು, ಮೊದಲಿಲ್ಲದ ಹೊಸ ತೊಂದರೆಗಳು ಸೇರಿಕೊಳ್ಳುತ್ತವೆ ಎಂಬುದು ನನ್ನ ವಾದ. ಅದಕ್ಕೆ ಪುರಾವೆ ಕಾರ್ಬೊರೇಟರ್‌ನ ಒಳಗೇ ಇದೆ.

ಆ ಸ್ಕ್ರೂ ಮಾಡುವುದೇನು ನೋಡೋಣ. ಕಾರ್ಬೊರೇಟರ್‌ನ ಗಂಟಲಲ್ಲಿ ಬಟರ್‌ಫ್ಲೈ ಎಂದು ಕರೆಯುವ ಒಂದು ದುಂಡನೆಯ ಹಿತ್ತಾಳೆ ತಗಡು ಕಡ್ಡಿಯೊಂದರ ಮೇಲೆ ತಿರುಗುತ್ತದೆ. ಆಕ್ಸಿಲರೇಟರ್ ತುಳಿದರೆ ಅದು ತೆರೆದುಕೊಳ್ಳುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಎಂಜಿನ್ನಿಗೆ ಗಾಳಿ ಸಿಗದು. ಹಾಗಾಗಿ ಕೂದಲೆಳೆಯಷ್ಟು ಸಂದು ಉಳಿಯುವಂತೆ ಸನ್ನೆಗೋಲಿಗೆ ಒಂದು ಸ್ಕ್ರೂ ತಡೆ ಕೊಡುತ್ತದೆ. ಅದೇ ಐಡ್ಲಿಂಗ್ ಸ್ಕ್ರೂ. ಪೆಟ್ರೋಲ್ ಬರುವ ದಾರಿ ಬೇರೆ. ತಗಡು ಮುಚ್ಚಿದಾಗ ಅದರ ಕೆಳಗೆ, ಮ್ಯಾನಿಫೋಲ್ಡ್ ಕಡೆಗೆ, ಪಿಸ್ಟನ್‌ಗಳ ಎಳೆತ ಜೋರಾಗಿರುತ್ತದೆ. ಆ ಎಳೆತಕ್ಕೆ ಸ್ಲೋ ಜೆಟ್ ಮೂಲಕ ಬಂದ ಪೆಟ್ರೋಲು ದಾರಿಯಲ್ಲೇ ಒಂದಿಷ್ಟು ಗಾಳಿಯೊಂದಿಗೆ ಬೆರೆತು, ತಗಡಿನ ಕೆಳಗಿನ ಪುಟ್ಟ ತೂತಿನಿಂದ ಒಳಗೆ ಬೀಳುತ್ತದೆ. ಆ ತೂತಿಗೆ ಚೂಪು ಮೂತಿಯ ಇನ್ನೊಂದು ಸ್ಕ್ರೂ ಅಡ್ಡವಿದೆ, ಅದು ಮಿಕ್ಸ್ಚರ್ ಸ್ಕ್ರೂ. ಒಂದು ಗಾಳಿಯ ಲೆಕ್ಕ ಹಿಡಿದರೆ ಇನ್ನೊಂದು ಮಿಶ್ರಣದ ಲೆಕ್ಕ ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಎರಡಕ್ಕೂ ‘ಟ್ಯೂನಿಂಗ್’ ಎಂಬ ಒಂದೇ ಹೆಸರು ಬಿದ್ದಿರುವುದರಿಂದ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ಎಂಜಿನ್ನಿನ ಬದುಕಿನಲ್ಲಿ ಐಡ್ಲಿಂಗ್‌ನಷ್ಟು ಬಡತನದ ಹೊತ್ತು ಬೇರೆಯಿಲ್ಲ. ಆಗ ಅದು ದುಡಿಯುವುದು ತನ್ನದೇ ಒಳಗಿನ ಉಜ್ಜಾಟವನ್ನು ಗೆಲ್ಲುವಷ್ಟು ಮಾತ್ರ, ಉಳಿತಾಯ ಏನೂ ಇಲ್ಲ. ಸಿಲಿಂಡರಿಗೆ ಬರುವ ಹೊಸ ಮಿಶ್ರಣ ಕಡಿಮೆ, ಹಿಂದಿನ ಸುತ್ತಿನಲ್ಲಿ ಸುಟ್ಟು ಉಳಿದ ಹೊಗೆಯ ಪಾಲು ಜಾಸ್ತಿ. ಆದ್ದರಿಂದ ಕಿಡಿ ಹಚ್ಚಿ ಬೆಂಕಿ ಹಬ್ಬಿಸುವುದೇ ಕಷ್ಟ. 796 ಸಿಸಿಯ ಮಾರುತಿ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರ್. ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಕೆಂಡಿಗೆ 22ರಷ್ಟು ಸಲ ಕಿಡಿ ಹೊತ್ತಬೇಕು. ಒಂದು ಸಿಲಿಂಡರ್ ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿಯೇ ಹೋಯಿತು. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವಾಗ ಗೊತ್ತೇ ಆಗದ ಸಣ್ಣ ಕೊರತೆಗಳೆಲ್ಲ ಸಿಗ್ನಲ್‌ನಲ್ಲಿ ನಿಂತಾಗ ಮೇಲೆದ್ದು ಬರುವುದು ಇದಕ್ಕೇ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ತಳದ ಕಲ್ಲುಗಳು ಕಾಣಿಸಿಕೊಂಡಂತೆ. ಸ್ಕ್ರೂ ತಿರುಗಿಸುವುದೆಂದರೆ ಕಲ್ಲು ಮುಳುಗುವಷ್ಟು ನೀರು ಬಿಡುವುದು. ದೋಣಿ ಸಾಗುತ್ತದೆ, ಕಲ್ಲು ಅಲ್ಲೇ ಇರುತ್ತದೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಅದನ್ನು ತಿಳಿಯಬೇಕಾದರೆ ಆ ತಗಡಿನ ಅಂಚನ್ನು ಹತ್ತಿರದಿಂದ ನೋಡಬೇಕು. ಮುಚ್ಚಿದ ತಗಡಿನ ಅಂಚಿಗಿಂತ ಸ್ವಲ್ಪವೇ ಮೇಲೆ, ಗಂಟಲಿನ ಗೋಡೆಯಲ್ಲಿ ಸೂಜಿಮೊನೆಯಂಥ ಒಂದೆರಡು ತೂತುಗಳಿರುತ್ತವೆ. ಕಾಲು ಆಕ್ಸಿಲರೇಟರ್ ಮೇಲೆ ಬಿದ್ದು ತಗಡು ತುಸು ತೆರೆದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ. ಮುಖ್ಯ ಜೆಟ್ ಎಚ್ಚರಗೊಳ್ಳುವ ಮೊದಲಿನ ಆ ಕ್ಷಣಕ್ಕೆ ಬೇಕಾದ ಪೆಟ್ರೋಲನ್ನು ಕೊಡುವುದು ಈ ತೂತುಗಳು. ಐಡ್ಲಿಂಗ್ ಸ್ಕ್ರೂ ಬಿಗಿದು ತಗಡನ್ನು ಮೊದಲೇ ಎತ್ತಿಟ್ಟರೆ ಇವು ನಿಂತ ಕಾರಿನಲ್ಲೇ ತೆರೆದುಕೊಂಡು ಪೆಟ್ರೋಲ್ ಸುರಿಸತೊಡಗುತ್ತವೆ. ಮುಂದಾಗುವುದು ಎರಡು. ಒಂದು, ಮಿಕ್ಸ್ಚರ್ ಸ್ಕ್ರೂವಿನ ಅಧಿಕಾರ ಹೋಗುತ್ತದೆ. ಅದು ಕಾಯುವ ಬಾಗಿಲನ್ನು ಬಿಟ್ಟು ಪೆಟ್ರೋಲು ಬೇರೆ ಬಾಗಿಲಿಂದ ಬರುತ್ತಿದೆ. ಇನ್ನೊಂದು, ಕಾರು ಹೊರಡಿಸುವ ಕ್ಷಣಕ್ಕೆಂದು ಇಟ್ಟಿದ್ದ ದಾಸ್ತಾನು ಖಾಲಿಯಾಗಿ, ಕ್ಲಚ್ ಬಿಟ್ಟಾಗ ಎಂಜಿನ್ ಒಮ್ಮೆ ಮುಗ್ಗರಿಸುತ್ತದೆ. ಆಫ್ ಆಗುವುದನ್ನು ತಪ್ಪಿಸಲು ಮಾಡಿದ ಕೆಲಸ ಹೊರಡುವಾಗ ಆಫ್ ಮಾಡಿಸುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಆ ಕಾಲದ ಹಲವು ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪಿನ ತೂತು ಕೂಡ ಇದೇ ಅಂಚಿನ ತುಸು ಮೇಲಿರುತ್ತದೆ. ಐಡ್ಲಿಂಗ್‌ನಲ್ಲಿ ಅದಕ್ಕೆ ಎಳೆತ ತಟ್ಟಬಾರದು, ತಗಡು ತೆರೆದ ಮೇಲಷ್ಟೇ ತಟ್ಟಿ ಕಿಡಿಯ ಸಮಯವನ್ನು ಮುಂದಕ್ಕೆ ತರಬೇಕು. ತಗಡನ್ನು ಎತ್ತಿಟ್ಟರೆ ನಿಂತಲ್ಲೇ ಟೈಮಿಂಗ್ ಮುಂದಕ್ಕೆ ಹೋಗಿ ಎಂಜಿನ್ ವೇಗ ಇನ್ನಷ್ಟು ಏರುತ್ತದೆ. ಲೈಟು, ಫ್ಯಾನು ಹಾಕಿ ಎಂಜಿನ್ ಮೇಲೆ ಭಾರ ಬಿದ್ದು ಎಳೆತ ತಗ್ಗಿದರೆ ಟೈಮಿಂಗೂ ಹಿಂದಕ್ಕೆ ಸರಿದು ವೇಗ ಬೇಕಾದದ್ದಕ್ಕಿಂತ ಹೆಚ್ಚು ಕುಸಿಯುತ್ತದೆ. ಒಮ್ಮೆ ಅರಚಿಕೊಂಡು ಓಡುವ, ಒಮ್ಮೆ ಸಾಯುವ, ‘ಸೆಟ್ಟಿಂಗೇ ನಿಲ್ತಿಲ್ಲ’ ಎಂದು ಎಲ್ಲರೂ ಬೈಯುವ ಎಂಜಿನ್ನಿನ ಗುಟ್ಟು ಬಹಳ ಸಲ ಇಷ್ಟೇ. ಕೀ ತೆಗೆದ ಮೇಲೂ ಎಂಜಿನ್ ಗಡಗಡ ಎಂದು ನಾಲ್ಕು ಸುತ್ತು ಹೆಚ್ಚಿಗೆ ತಿರುಗುವುದೂ ಈ ಬಳಗದ್ದೇ. ತಗಡು ತೆರೆದಿದೆ, ಗಾಳಿ ಪೆಟ್ರೋಲು ಬರುತ್ತಿದೆ, ಒಳಗಿನ ಕೆಂಡದಂಥ ಕಾರ್ಬನ್ನೇ ಕಿಡಿಯಾಗುತ್ತದೆ. ಕೀ ತೆಗೆದೊಡನೆ ಸ್ಲೋ ಜೆಟ್ಟನ್ನು ಮುಚ್ಚುವ ಸೊಲೆನಾಯ್ಡನ್ನು ಹಲವು ಕಾರ್ಬೊರೇಟರ್‌ಗಳಿಗೆ ಇದಕ್ಕಾಗಿಯೇ ಸೇರಿಸಿದ್ದರು. ತಮಾಷೆಯೆಂದರೆ ಆ ಸೊಲೆನಾಯ್ಡಿನ ವೈರು ಕಳಚಿದರೂ ಐಡ್ಲಿಂಗ್ ನಿಲ್ಲುತ್ತದೆ, ಆಗಲೂ ಜನ ತಿರುಗಿಸುವುದು ಅದೇ ಸ್ಕ್ರೂ.

ಹಾಗಾದರೆ ದೋಷ ಎಲ್ಲಿರುತ್ತದೆ? ಹಳೆಯ ಕಾರಿನಲ್ಲಿ ಮೊದಲ ಅನುಮಾನ ಕಳ್ಳಗಾಳಿಯ ಮೇಲೆ. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಒಣಗಿ ಬಿರುಕುಬಿಟ್ಟ ರಬ್ಬರ್ ಪೈಪು, ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸು, ಸವೆದು ಸಡಿಲವಾದ ಬಟರ್‌ಫ್ಲೈ ಕಡ್ಡಿ ಇವುಗಳಲ್ಲಿ ಎಲ್ಲಿಂದಾದರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಗ್ಯಾರೇಜಿನ ಮಾತಲ್ಲಿ ಲೀನ್ ಆಗುತ್ತದೆ. ಪೆಟ್ರೋಲಿಗೆ ತೂಕದಲ್ಲಿ ಹೆಚ್ಚುಕಡಿಮೆ 14.7 ಪಟ್ಟು ಗಾಳಿ ಸರಿಯಾದ ಅಳತೆ. ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆಯಿರುವುದರಿಂದ ಸಣ್ಣ ಬಿರುಕೂ ಈ ಅಳತೆಯನ್ನು ಕೆಡಿಸಬಲ್ಲದು. ಪತ್ತೆ ಮಾಡಲು ದೊಡ್ಡ ಉಪಕರಣ ಬೇಡ. ಓಡುತ್ತಿರುವ ಎಂಜಿನ್ನಿನ ಗ್ಯಾಸ್ಕೆಟ್ ಅಂಚಿಗೆ ಸ್ಪ್ರೇ ಬಾಟಲಿಯಿಂದ ತುಸುವೇ ನೀರು ಸಿಂಪಡಿಸಿದರೆ, ಬಿರುಕಿದ್ದಲ್ಲಿ ನೀರು ಒಳಗೆ ಎಳೆದುಕೊಂಡು ಎಂಜಿನ್ನಿನ ದನಿ ಬದಲಾಗುತ್ತದೆ. (ಕೆಲವರು ಪೆಟ್ರೋಲನ್ನೇ ಎರಚುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಕೊಟ್ಟ ಆಹ್ವಾನ.) ಬೂಸ್ಟರ್ ಹೋಸನ್ನು ಕ್ಷಣಕಾಲ ಇಕ್ಕಳದಲ್ಲಿ ಹಿಸುಕಿದಾಗ ನಡುಕ ನಿಂತರೆ ಸೋರಿಕೆ ಆ ಕಡೆಯದು, ಅದು ಬ್ರೇಕಿಗೆ ಸಂಬಂಧಿಸಿದ್ದಾದ್ದರಿಂದ ಮುಚ್ಚಿಡುವುದು ಅಪಾಯ ಕೂಡ. ಇನ್ನು ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಆದರೆ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ, ಐಡ್ಲಿಂಗ್ ತಾನಾಗಿ ಇಳಿಯುತ್ತದೆ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿದ್ದರೆ ಕಂಪ್ರೆಶನ್ ಸೋರುತ್ತದೆ, ನಿಧಾನದಲ್ಲಿ ಸೋರಲು ಸಮಯ ಹೆಚ್ಚು ಸಿಗುವುದರಿಂದ ಅದು ಮೊದಲು ಗೊತ್ತಾಗುವುದೂ ನಿಂತಾಗಲೇ. ಸ್ಲೋ ಜೆಟ್ಟಿನಲ್ಲಿ ಕಸ ಕೂತಿದ್ದರೆ ಪೆಟ್ರೋಲೇ ಬರದು. ಇವಿಷ್ಟಕ್ಕೂ ಪರಿಹಾರ ಬೇರೆ ಬೇರೆ. ಸ್ಕ್ರೂ ಮಾತ್ರ ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತದೆ, ಅದನ್ನು ನಂಬಲು ನನಗೆ ಕಷ್ಟವಾಗುವುದು ಅದರಿಂದಲೇ.

‘ಹಾಗಿದ್ದರೆ ಕಂಪನಿಯವರು ಸ್ಕ್ರೂ ಇಟ್ಟಿದ್ದಾದರೂ ಯಾಕೆ’ ಎಂಬ ಪ್ರಶ್ನೆ ನ್ಯಾಯವಾದದ್ದು. ಸರಿಹೊಂದಿಸಲೆಂದೇ ಇಟ್ಟಿದ್ದಾರೆ. ಆದರೆ ಕೆಲಸಕ್ಕೊಂದು ಕ್ರಮವಿದೆ. ಪ್ಲಗ್, ಪಾಯಿಂಟ್, ಟೈಮಿಂಗ್, ಟ್ಯಾಪೆಟ್, ಏರ್ ಫಿಲ್ಟರ್ ಸರಿಯಿರಬೇಕು. ಎಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದಿರಬೇಕು. ಎಸಿ, ಲೈಟು, ರೇಡಿಯೇಟರ್ ಫ್ಯಾನ್ ಬಂದ್ ಆಗಿರಬೇಕು. ತಣ್ಣಗಿನ ಎಂಜಿನ್ನಿಗೆ ಐಡ್ಲಿಂಗ್ ಹಿಡಿಯುವುದು ಜ್ವರದಲ್ಲಿರುವವನ ತೂಕ ನೋಡಿದಂತೆ, ಆ ಅಂಕಿ ನಾಳೆಗೆ ಉಳಿಯದು. ಇಷ್ಟಾದ ಮೇಲೆ ಎರಡೂ ಸ್ಕ್ರೂಗಳನ್ನು ಸರದಿಯಲ್ಲಿ ತಿರುಗಿಸಬೇಕು. ಮಿಕ್ಸ್ಚರ್ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ಸಮನಾಗಿ ಓಡುವ ಜಾಗ ಹುಡುಕುವುದು. ಈಗ ವೇಗ ಹೆಚ್ಚಾಯಿತಲ್ಲ, ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಇಳಿಸುವುದು. ಮತ್ತೆ ಮಿಕ್ಸ್ಚರ್, ಮತ್ತೆ ಐಡ್ಲಿಂಗ್. ಎರಡು ಮೂರು ಸುತ್ತಿನಲ್ಲಿ ಹದ ಸಿಗುತ್ತದೆ. ಗಮನಿಸಿ, ಸರಿಯಾದ ಟ್ಯೂನಿಂಗ್‌ನಲ್ಲಿ ಐಡ್ಲಿಂಗ್ ಸ್ಕ್ರೂ ಹೆಚ್ಚಾಗಿ ಸಡಿಲಾಗುತ್ತ ಹೋಗುತ್ತದೆ. ನಮ್ಮ ಐದು ನಿಮಿಷದ ರಿಪೇರಿಯಲ್ಲಿ ಅದು ಸದಾ ಬಿಗಿಯಾಗುತ್ತ ಹೋಗುತ್ತದೆ. ಮಿಕ್ಸ್ಚರ್ ಸ್ಕ್ರೂ ಮುಟ್ಟುವ ಮೊದಲು ಅದನ್ನು ಹಗುರವಾಗಿ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಂಡರೆ ಹಿಂದಿರುಗಲು ದಾರಿಯಿರುತ್ತದೆ. ಬಲವಂತವಾಗಿ ಬಿಗಿದರೆ ಅದರ ಚೂಪು ಮೂತಿಯಲ್ಲಿ ಗೀರು ಬಿದ್ದು ಆಮೇಲೆ ಯಾವ ಹದವೂ ನಿಲ್ಲದು. ಮಾರುತಿ 800ರ ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮೀಟರೂ ಇಲ್ಲದ್ದರಿಂದ ಮೆಕ್ಯಾನಿಕ್ ಕಿವಿಯನ್ನೇ ನಂಬುತ್ತಾನೆ. ಪಳಗಿದ ಕಿವಿ ಅಸಾಧಾರಣ ಉಪಕರಣ, ಅದರಲ್ಲಿ ಅನುಮಾನವಿಲ್ಲ. ಆದರೆ ಏರಿದ ದನಿ ಮತ್ತು ಸಮನಾದ ದನಿ ಗಿರಾಕಿಯ ಕಿವಿಗೆ ಒಂದೇ ಥರ ಹಿತವಾಗಿ ಕೇಳುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು. ರಿಂಗು ಸವೆದು, ವಾಲ್ವ್ ಹಳತಾಗಿ, ಕಂಪ್ರೆಶನ್ ಇಳಿದ ಕಾರಿಗೆ ಎಂಜಿನ್ ಬಿಚ್ಚಿಸುವ ಖರ್ಚು ಕಾರಿನ ಬೆಲೆಗೇ ಹತ್ತಿರವಾಗುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡುವವನಿಗೆ ನೂರು ಆರ್‌ಪಿಎಂ ಏರಿಸಿ ಸಮಾಧಾನಪಡುವುದೇ ವಿವೇಕವಲ್ಲವೇ? ಒಪ್ಪುತ್ತೇನೆ. ಸವಕಳಿ ದೋಷವಲ್ಲ, ವಯಸ್ಸು. ಅದಕ್ಕೆ ತುಸು ಏರಿಸಿದ ಐಡ್ಲಿಂಗ್ ಊರುಗೋಲಿದ್ದಂತೆ. ಆದರೆ ಅದು ಸವಕಳಿಯೇ ಎಂದು ಖಚಿತವಾದ ಮೇಲೆ, ಅಂದರೆ ಗ್ಯಾಸ್ಕೆಟ್ಟು, ಪೈಪು, ಜೆಟ್ಟು, ಟ್ಯಾಪೆಟ್ಟು ನೋಡಿಯಾದ ಮೇಲೆ ಹಿಡಿಯಬೇಕಾದ ಊರುಗೋಲು. ಎಷ್ಟು ಏರಿಸಬಹುದು ಎಂಬುದಕ್ಕೆ ಕಾರ್ಬೊರೇಟರೇ ಗೆರೆ ಎಳೆದುಕೊಟ್ಟಿದೆ. ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿದಾಗ ಎಂಜಿನ್ ತಡವರಿಸಿ ನಿಲ್ಲುವಂತಿದ್ದರೆ ತಗಡು ಇನ್ನೂ ತನ್ನ ಜಾಗದಲ್ಲಿದೆ. ಏನೂ ಆಗದಂತೆ ಓಡುತ್ತಲೇ ಇದ್ದರೆ ಗೆರೆ ದಾಟಿದ್ದೀರಿ, ಪೆಟ್ರೋಲು ಮೇಲಿನ ತೂತುಗಳಿಂದ ಬರುತ್ತಿದೆ. ಎಸಿ ಹಾಕಿದಾಗ ಮಾತ್ರ ಆಫ್ ಆಗುವ ಕಾರಿನ ವಿಷಯ ಬೇರೆ. ಎಸಿಯ ಭಾರ ಬಿದ್ದಾಗಷ್ಟೇ ತಗಡನ್ನು ತುಸು ತೆರೆಯುವ ಐಡಲ್-ಅಪ್ ಎಂಬ ಪುಟ್ಟ ಡಯಾಫ್ರಂ ಇಂಥ ಕಾರುಗಳಲ್ಲಿರುತ್ತದೆ. ಅದರ ಪೈಪು ಹರಿದದ್ದಕ್ಕೆ ಇಡೀ ದಿನ ಐಡ್ಲಿಂಗ್ ಏರಿಸಿಡುವುದು ಅತಿಯಾಯಿತು.

ಮಿಶ್ರಣದ ಮಾತು ಬಂದಾಗ ನಮ್ಮ ರಾಜ್ಯದ ನೆಲವನ್ನೂ ಈಗಿನ ಪೆಟ್ರೋಲನ್ನೂ ಬಿಡುವಂತಿಲ್ಲ. ಸಮುದ್ರಮಟ್ಟದ ಮಂಗಳೂರಿಗಿಂತ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸುಮಾರು ಶೇ 8ರಷ್ಟು ತೆಳು. ಕಾರ್ಬೊರೇಟರ್‌ಗೆ ಅದು ಗೊತ್ತಾಗದು, ಮೊದಲಿನಂತೆಯೇ ಪೆಟ್ರೋಲ್ ಕೊಡುತ್ತದೆ. ಹಾಗಾಗಿ ಕರಾವಳಿಯಲ್ಲಿ ಹದ ಹಿಡಿದ ಕಾರು ಘಟ್ಟ ಹತ್ತಿದ ಮೇಲೆ ತುಸು ರಿಚ್ ಆಗಿ, ಅಂದರೆ ಪೆಟ್ರೋಲಿನ ಪಾಲು ಹೆಚ್ಚಾಗಿ ಓಡುತ್ತದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿನದು ಇದಕ್ಕೆ ಉಲ್ಟಾ ಆಟ. ಎಥನಾಲ್ ತನ್ನಲ್ಲೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಅದಕ್ಕೆ ತೂಕದಲ್ಲಿ 9 ಪಟ್ಟು ಗಾಳಿ ಸಾಕು, ಮಿಶ್ರ ಪೆಟ್ರೋಲಿಗೆ ಸುಮಾರು 13.5 ಪಟ್ಟು. 14.7ರ ಕಾಲದಲ್ಲಿ ಜೆಟ್ ಕೊರೆದ ಕಾರ್ಬೊರೇಟರ್ ಈ ಪೆಟ್ರೋಲಿನಲ್ಲಿ ಲೀನ್ ಆಗುತ್ತದೆ. ಹೊಸ ಕಾರಿನ ಸೆನ್ಸರ್ ಇದನ್ನು ಅರಿತು ಸರಿಪಡಿಸಿಕೊಳ್ಳುತ್ತದೆ, ಹಳೆಯದಕ್ಕೆ ಆ ಬುದ್ಧಿಯಿಲ್ಲ. ಈಚೆಗೆ ಐಡ್ಲಿಂಗ್ ಕೆಟ್ಟಿತು ಎನ್ನುವ ಕಾರ್ಬೊರೇಟರ್ ಕಾರುಗಳಿಗೆ ಇದೂ ಒಂದು ಕಾರಣ ಇರಬಹುದು. ಅದಕ್ಕೆ ಬೇಕಾದದ್ದು ಮಿಕ್ಸ್ಚರ್ ಸ್ಕ್ರೂವಿನ ಕಾಲು ಅರ್ಧ ಸುತ್ತು. ಹೆಚ್ಚು ಗಾಳಿ ಖಂಡಿತ ಅಲ್ಲ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ ಪೆಟ್ರೋಲ್ ಪೈಪುಗಳ ಮೇಲೂ ಒಂದು ಕಣ್ಣಿರಲಿ.

2000ದ ಆಸುಪಾಸಿನಿಂದ ನಮ್ಮ ಪೆಟ್ರೋಲ್ ಕಾರುಗಳಿಗೆ ಕಾರ್ಬೊರೇಟರ್ ಬದಲು ಇಂಜೆಕ್ಷನ್ ವ್ಯವಸ್ಥೆಯಾದ ಎಂಪಿಎಫ್‌ಐ ಬಂತು, ಈಗ ಆ ಕಾರುಗಳೂ ಹಳತಾಗಿವೆ. ಅವುಗಳಲ್ಲೂ ಥ್ರಾಟಲ್ ಬಾಡಿಯ ಮೇಲೆ ಅಂಥದೇ ತಡೆ ಸ್ಕ್ರೂ ಕಾಣುತ್ತದೆ, ಸಾಮಾನ್ಯವಾಗಿ ಕಾರ್ಖಾನೆಯವರು ಬಣ್ಣ ಮೆತ್ತಿ ಮೊಹರು ಮಾಡಿರುತ್ತಾರೆ. ತಗಡು ಗೋಡೆಗೆ ಕಚ್ಚಿಕೊಳ್ಳದಿರಲಿ ಎಂದಷ್ಟೇ ಅದು ಅಲ್ಲಿರುವುದು. ಐಡ್ಲಿಂಗ್ ಕಾಯುವುದು ಪಕ್ಕದ ದಾರಿಯಲ್ಲಿ ಗಾಳಿ ಬಿಡುವ ಪುಟ್ಟ ವಾಲ್ವ್ ಮತ್ತು ಅದನ್ನು ನಡೆಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಸ್ಕ್ರೂ ತಿರುಗಿಸಿ ತಗಡೆತ್ತಿದರೆ ಕಾಲು ಆಕ್ಸಿಲರೇಟರ್ ಮೇಲಿದೆಯೆಂದು ಇಸಿಯು ತಪ್ಪು ತಿಳಿಯಬಹುದು. ಇಳಿಜಾರಿನಲ್ಲಿ ಕಾಲು ತೆಗೆದಾಗ ನಿಲ್ಲಬೇಕಾದ ಪೆಟ್ರೋಲ್ ನಿಲ್ಲದೆ ಹರಿಯುತ್ತದೆ. ಇಂಥ ಕಾರಿಗೆ ಬೇಕಾದದ್ದು ಬಹಳ ಸಲ ಬರೀ ಸ್ವಚ್ಛತೆ: ಎಂಜಿನ್ ಆಯಿಲ್ ಹಬೆಯಿಂದ ತಗಡಿನ ಅಂಚಿಗೆ, ವಾಲ್ವಿನ ಬಾಯಿಗೆ ಕಟ್ಟಿದ ಕಪ್ಪು ಜಿಡ್ಡನ್ನು ಕ್ಲೀನರ್ ಹಾಕಿ ಬಟ್ಟೆಯಿಂದ ಒರೆಸುವುದು.

ಕೊನೆಗೂ ಗಾಡಿ ಆಫ್ ಆಗದಿದ್ದರೆ ಸಾಕಲ್ಲ, ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರಿಗೆ ಅವರ ಕಾರಿನಲ್ಲೇ ಒಂದು ದಾಖಲೆ ಬಿದ್ದಿದೆ. ಅದು ಎಮಿಷನ್ ಟೆಸ್ಟಿನ ಚೀಟಿ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಡಿ ಹಳೆಯ ಪೆಟ್ರೋಲ್ ಕಾರಿನ ಹೊಗೆ ಅಳೆಯುವುದು ಐಡ್ಲಿಂಗ್‌ನಲ್ಲೇ. ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಪಾಸೋ ಫೇಲೋ ಎಂದಷ್ಟೇ ನೋಡಿ ನಾವು ಅದನ್ನು ಮಡಚಿಡುತ್ತೇವೆ. ಆ ಎರಡು ಅಂಕಿಗಳಲ್ಲಿ ರೋಗದ ಗುರುತಿದೆ. ಮೊನಾಕ್ಸೈಡ್ ಏರಿದ್ದರೆ ಮಿಶ್ರಣ ರಿಚ್. ಮೊನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಪೆಟ್ರೋಲು ಸುಡದೆ ಹೊರಬರುತ್ತಿದೆ, ಅಂದರೆ ಕಳ್ಳಗಾಳಿ, ಕಿಡಿ ಅಥವಾ ವಾಲ್ವ್ ಕಡೆ ನೋಡಬೇಕು. ಮೈಲೇಜ್ ಹೆಚ್ಚಲಿ ಎಂದು ಮಿಕ್ಸ್ಚರ್ ಲೀನ್ ಮಾಡಿ, ಅದರಿಂದ ಆಫ್ ಆಗತೊಡಗಿದ ಗಾಡಿಗೆ ಐಡ್ಲಿಂಗ್ ಏರಿಸಿದ ಕಾರುಗಳ ಚೀಟಿ ಹೀಗೇ ಇರುತ್ತದೆ. ಉಳಿಸಲು ಹೊರಟ ಪೆಟ್ರೋಲು ಟ್ರಾಫಿಕ್ಕಿನಲ್ಲಿ ನಿಂತು ಉರಿದುಹೋಗುತ್ತದೆ. ಮೆಕ್ಯಾನಿಕ್‌ನನ್ನು ಮಾತ್ರ ದೂರಿ ಫಲವಿಲ್ಲ. ಐದು ನಿಮಿಷದ ಕೂಲಿ ಕೊಟ್ಟು ಎರಡು ಗಂಟೆಯ ಕೆಲಸ ಕೇಳಲಾಗದು. ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಆ ಚೀಟಿಯನ್ನೂ ಒಯ್ಯಿರಿ. ಸ್ಕ್ರೂಡ್ರೈವರ್ ಐಡ್ಲಿಂಗ್ ಸ್ಕ್ರೂವಿನ ಮೇಲೆ ಕೂರುವ ಮೊದಲು, ಮಿಕ್ಸ್ಚರ್ ಸ್ಕ್ರೂ ಒಮ್ಮೆ ಪೂರ್ತಿ ಒಳಗೆ ತಿರುಗಿಸಿ ಎಂಜಿನ್ ನಿಲ್ಲುತ್ತದೋ ಇಲ್ಲವೋ ತೋರಿಸಿ ಎಂದು ಕೇಳಿ.